ಓಡಬಲ್ಲವನ ನಡಿಗೆ

ಶಕ್ತಿಯಿಲ್ಲದವನು ಮೆಲ್ಲನೆ ನಡೆದರೆ ಲೋಕವು ಮರುಗುತ್ತದೆ. ಶಕ್ತಿಯುಳ್ಳವನು ಎಲ್ಲರನ್ನೂ ಹಿಂದೆ ಹಾಕಿ ಓಡಿದರೆ ಬೆರಗಾಗುತ್ತದೆ. ಆದರೆ ಓಡಬಲ್ಲ ಶಕ್ತಿಯನ್ನೆಲ್ಲ ಮೈಯಲ್ಲಿ ತುಂಬಿಕೊಂಡವನೊಬ್ಬನು, ಓಟವನ್ನು ತನಗೆ ತಾನೇ ನಿಷೇಧಿಸಿಕೊಂಡು, ನಡೆದೇ ಗೆಲ್ಲುವೆನೆಂದು ಹೊರಟರೆ ಅದೇ ಲೋಕವು ನಗುತ್ತದೆ. ನಮ್ಮ ಪತ್ರಿಕೆಗಳು ನಡಿಗೆ ಸ್ಪರ್ಧೆಯೆಂದು ಬರೆಯುವ, ಕ್ರೀಡಾಪಟುಗಳ ಬಾಯಲ್ಲಿ ರೇಸ್ ವಾಕಿಂಗ್ ಎಂದೇ ರೂಢಿಯಾಗಿರುವ ಈ ಆಟವು 1908ರ ಲಂಡನ್ ಒಲಿಂಪಿಕ್ಸ್ ಮೊದಲ್ಗೊಂಡು, 1928ರಲ್ಲಿ ಒಮ್ಮೆ ಬಿಟ್ಟುಹೋದುದನ್ನುಳಿದು, ಇಂದಿನವರೆಗೂ ಆ ಮಹಾಕ್ರೀಡೆಯಲ್ಲಿ ತನ್ನ ಸ್ಥಾನವನ್ನು ಉಳಿಸಿಕೊಂಡು ಬಂದಿದೆಯಾದರೂ, ಆ ಸ್ಥಾನದ ಪಕ್ಕದಲ್ಲಿಯೇ ಪ್ರೇಕ್ಷಕರ ನಗೆಗೂ ಒಂದು ಸ್ಥಿರವಾದ ಆಸನ ದೊರೆತಿದೆ. ಆ ನಗೆಯನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ ಅದರ ಹಿಂದೆ ಧರ್ಮಜಿಜ್ಞಾಸೆಗೆ ಸೇರಿದ ಒಂದು ಗಂಭೀರವಾದ ಪ್ರಶ್ನೆಯುಂಟು. ಮನುಷ್ಯನು ತನಗೆ ವಿಧಿಸಿಕೊಂಡ ನಿಯಮಕ್ಕೆ ಬೆಲೆ ಬರುವುದು ಎಲ್ಲಿಂದ? ಅದನ್ನು ವಿಧಿಸಿದವನ ಅಧಿಕಾರದಿಂದಲೋ, ಅದರ ಫಲದಿಂದಲೋ, ಅದನ್ನು ಪಾಲಿಸುವವನ ಎಚ್ಚರದಿಂದಲೋ? ಯಾರ ಕಣ್ಣಿಗೂ ಬೀಳದ ನಿಯಮಭಂಗವು ಭಂಗವೆನಿಸುವುದೋ ಇಲ್ಲವೋ?

ಆಟದ ವಿಧಿಗಳು ಎರಡೇ. ನಡೆಯುವವನ ಪಾದಗಳಲ್ಲಿ ಒಂದಾದರೂ ಸದಾ ನೆಲವನ್ನು ಮುಟ್ಟಿಕೊಂಡಿರುವಂತೆ ಕಾಣಬೇಕು, ಎಂದರೆ ಎರಡೂ ಪಾದಗಳು ಏಕಕಾಲದಲ್ಲಿ ನೆಲವನ್ನು ಬಿಟ್ಟಿರುವುದು ಮನುಷ್ಯನ ಕಣ್ಣಿಗೆ ಕಾಣುವಂತಿರಬಾರದು. ಇದು ಮೊದಲನೆಯದು. ಮುಂದಿಟ್ಟ ಕಾಲು ನೆಲಕ್ಕೆ ತಾಗಿದ ಕ್ಷಣದಿಂದ, ದೇಹವು ಅದರ ಮೇಲೆ ನೆಟ್ಟಗೆ ಬಂದು ನಿಲ್ಲುವವರೆಗೆ, ಮಂಡಿಯು ಬಾಗದೆ ನೇರವಾಗಿರಬೇಕು, ಇದು ಎರಡನೆಯದು. ಇಷ್ಟನ್ನು ಪಾಲಿಸಿಕೊಂಡು ಎಷ್ಟು ವೇಗವಾಗಿ ಬೇಕಾದರೂ ಹೋಗಬಹುದು. ಈ ಎರಡು ಸಣ್ಣ ವಾಕ್ಯಗಳು ಮನುಷ್ಯದೇಹವನ್ನು ಏನು ಮಾಡುತ್ತವೆಂಬುದನ್ನು ಹತ್ತಿರದಿಂದ ನೋಡಬೇಕು. ಹಿಮ್ಮಡಿ ನೆಲಕ್ಕೆ ತಾಗುವಾಗ ಹೆಬ್ಬೆರಳು ಆಕಾಶವನ್ನು ನೋಡುತ್ತಿರುತ್ತದೆ. ಮಂಡಿಯನ್ನು ಬಾಗಿಸಿ ದೇಹವನ್ನು ಚಿಮ್ಮಿಸಲು ಅನುಮತಿಯಿಲ್ಲವಾದುದರಿಂದ, ಹೆಜ್ಜೆಯನ್ನು ಉದ್ದಮಾಡುವ ಕೆಲಸವೆಲ್ಲ ಸೊಂಟದ ಮೇಲೆ ಬೀಳುತ್ತದೆ. ಸೊಂಟವು ಒಂದು ಬದಿಯಲ್ಲಿ ಮುಂದಕ್ಕೆ ತಿರುಗಿ ತುಸು ಕೆಳಗಿಳಿಯುವಾಗ ಇನ್ನೊಂದು ಬದಿ ಮೇಲೇಳುತ್ತದೆ. ಬಲಪಾದವೂ ಎಡಪಾದವೂ ಅಕ್ಕಪಕ್ಕದಲ್ಲಿ ಬೀಳದೆ ಹೆಚ್ಚುಕಡಮೆ ಒಂದೇ ಗೆರೆಯ ಮೇಲೆ ಬೀಳುತ್ತವೆ. ಮಡಿಸಿದ ತೋಳುಗಳು ಎದೆಯ ಮುಂದೆ ಆಡುತ್ತ ಆ ಸೊಂಟದ ತಿರುವಿಗೆ ಸರಿದೂಗುತ್ತವೆ. ತಲೆ ಮಾತ್ರ ಮೇಲೆ ಕೆಳಗೆ ಕುಲುಕದೆ, ತನಗೂ ಕೆಳಗಿನ ಗಲಭೆಗೂ ಸಂಬಂಧವಿಲ್ಲವೆಂಬಂತೆ, ಒಂದೇ ಮಟ್ಟದಲ್ಲಿ ಸಾಗುತ್ತಿರುತ್ತದೆ. 2015ರಲ್ಲಿ ಜಪಾನಿನ ಯೂಸುಕೆ ಸುಜುಕಿಯವರು ಹೀಗೆ ನಡೆದು 20 ಕಿಲೋಮೀಟರು ದೂರವನ್ನು 1 ಗಂಟೆ 16 ನಿಮಿಷ 36 ಸೆಕೆಂಡುಗಳಲ್ಲಿ ಕ್ರಮಿಸಿದರು. ಗಂಟೆಗೆ 15 ಕಿಲೋಮೀಟರಿಗೂ ಮಿಕ್ಕ ಆ ವೇಗದಲ್ಲಿ ಒಂದು ಕಿಲೋಮೀಟರು ಓಡುವುದೇ, ನಗುವವರಲ್ಲಿ ಬಹುಮಂದಿಗೆ, ಸಾಧ್ಯವಾಗದ ಮಾತು.

ನಡೆಯುವವನನ್ನು ಕಂಡು ನಗುವುದು ಮನುಷ್ಯಸ್ವಭಾವವೇ ಆಗಿದ್ದಲ್ಲಿ ಎಲ್ಲ ಕಾಲದಲ್ಲಿಯೂ ನಕ್ಕಿರಬೇಕಾಗಿತ್ತು. ಚರಿತ್ರೆ ಹಾಗೆ ಹೇಳುವುದಿಲ್ಲ. 1809ರಲ್ಲಿ ಇಂಗ್ಲೆಂಡಿನ ನ್ಯೂಮಾರ್ಕೆಟ್ಟಿನಲ್ಲಿ ಕ್ಯಾಪ್ಟನ್ ರಾಬರ್ಟ್ ಬಾರ್ಕ್ಲೆ ಎಂಬಾತನು, ಒಂದು ಸಾವಿರ ಗಿನಿಗಳ ಪಣಕ್ಕೆ, ಒಂದು ಸಾವಿರ ಗಂಟೆಗಳ ಕಾಲ ಪ್ರತಿಗಂಟೆಯಲ್ಲಿಯೂ ಒಂದೊಂದು ಮೈಲಿಯಂತೆ, ಹಗಲೂ ರಾತ್ರಿಯೂ ಬಿಡದೆ, ಒಂದು ಸಾವಿರ ಮೈಲಿ ನಡೆದಾಗ ಜನ ತಂಡತಂಡವಾಗಿ ಬಂದು ನೋಡಿದರು. 1861ರಲ್ಲಿ ಅಮೆರಿಕೆಯ ಎಡ್ವರ್ಡ್ ಪೇಸನ್ ವೆಸ್ಟನ್, ಚುನಾವಣೆಯ ಮೇಲೆ ಕಟ್ಟಿದ ಪಂದ್ಯದಲ್ಲಿ ಸೋತುದಕ್ಕಾಗಿ, ಲಿಂಕನ್ನರ ಅಧಿಕಾರ ಸ್ವೀಕಾರದ ಸಮಾರಂಭಕ್ಕೆಂದು ಬಾಸ್ಟನ್ನಿನಿಂದ ವಾಷಿಂಗ್ಟನ್ನಿನವರೆಗೆ ಕಾಲ್ನಡಿಗೆಯಲ್ಲಿ ಹೊರಟು, ಸಮಾರಂಭಕ್ಕೆ ಕೆಲವು ಗಂಟೆಗಳಷ್ಟು ತಡವಾಗಿ ತಲುಪಿದರೂ, ಜನಪ್ರಿಯನಾದನು. ಆ ಶತಮಾನದಲ್ಲಿ ಆರಾರು ದಿನಗಳ ನಡಿಗೆಯ ಪಂದ್ಯಗಳನ್ನು ನೋಡಲು ದುಡ್ಡು ಕೊಟ್ಟು ಒಳಹೋಗುತ್ತಿದ್ದ ಜನರಿಗೆ ಅದು ಹಾಸ್ಯವಾಗಿರಲಿಲ್ಲ. ಮನುಷ್ಯದೇಹದ ತಾಳ್ಮೆಯ ಎಲ್ಲೆ ಎಲ್ಲಿದೆಯೆಂಬ ಕುತೂಹಲವು ಅವರನ್ನು ಅಲ್ಲಿಗೆ ಎಳೆಯುತ್ತಿತ್ತು. ಆದುದರಿಂದ ಇಂದಿನ ನಗೆ ಸ್ವಾಭಾವಿಕವಾದುದಲ್ಲ, ಕಾಲದೊಡನೆ ಹುಟ್ಟಿದುದು. ಅದಕ್ಕೆ ಇದ್ದಿರಬಹುದಾದ ಒಂದು ಕಾರಣ ಇದು: ಓಟವನ್ನಾಗಲಿ ಜಿಗಿತವನ್ನಾಗಲಿ ನಾವು ಬಲ್ಲವರ ವಿದ್ಯೆಯೆಂದು ಒಪ್ಪಿ ದೂರದಲ್ಲಿ ನಿಂತು ನೋಡುತ್ತೇವೆ, ನಡಿಗೆಯಾದರೋ ನಮ್ಮೆಲ್ಲರ ಸ್ವತ್ತು. ನಮ್ಮದೇ ವಸ್ತುವನ್ನು ಇನ್ನೊಬ್ಬನು ನಮಗೆ ಗುರುತು ಸಿಕ್ಕದಂತೆ ಮಾಡಿ ತೋರಿಸಿದಾಗ ಉಂಟಾಗುವ ಅಸಮಾಧಾನವೇ ನಗೆಯ ರೂಪದಲ್ಲಿ ಹೊರಬೀಳುತ್ತದೆ.

ಆದರೆ ನಗುವವನ ಬಾಯಲ್ಲಿ ಒಂದು ವಾದವೂ ಉಂಟು. ವೇಗವೇ ಗುರಿಯಾದರೆ ಓಡಬಾರದೇಕೆ? ವೇಗವು ಗುರಿಯಲ್ಲವಾದರೆ ಸ್ಪರ್ಧೆಯೇಕೆ? ಬೇಗ ಹೋಗಬೇಕೆಂಬ ಆಸೆಯನ್ನೂ ಬೇಗ ಹೋಗುವ ಮಾರ್ಗಕ್ಕೆ ಅಡ್ಡಗಟ್ಟೆಯನ್ನೂ ಒಟ್ಟಿಗೆ ಇರಿಸಿಕೊಂಡಿರುವ ಈ ಆಟವು ತನ್ನೊಳಗೇ ವಿರೋಧವುಳ್ಳದ್ದಲ್ಲವೆ? ಈ ವಾದವು ಮೇಲ್ನೋಟಕ್ಕೆ ಬಲವಾಗಿ ತೋರುತ್ತದೆಯಾದರೂ, ಅದನ್ನು ಒಪ್ಪಿದರೆ ಯಾವ ಆಟವೂ ಉಳಿಯುವುದಿಲ್ಲ. ಕಬಡ್ಡಿಯಲ್ಲಿ ಎದುರಾಳಿಯನ್ನು ಮುಟ್ಟಿ ಬರುವುದೇ ಗುರಿಯೆಂದಾದರೆ, ಉಸಿರು ಬಿಡದೆ ಒಂದೇ ಶಬ್ದವನ್ನು ಜಪಿಸುತ್ತ ಹೋಗಬೇಕೆಂಬ ಕಟ್ಟಳೆ ಏಕೆ? ಧಾರಾಳವಾಗಿ ಉಸಿರಾಡಿಕೊಂಡು ಹೋದರೆ ಕೆಲಸ ಸುಲಭವಾದೀತಲ್ಲ! ಹಾಗೆ ಕೇಳಿದವನಿಗೆ, ಉಸಿರು ಕಟ್ಟದೆ ಹೋದವನು ಮುಟ್ಟಿದ್ದು ಮುಟ್ಟಿದಂತಾಗುವುದೇ ಇಲ್ಲವೆಂದು ಹಳ್ಳಿಯ ಹುಡುಗರೇ ಉತ್ತರ ಕೊಟ್ಟಾರು. ಸಾಧನೆಯನ್ನು ಸಾಧನೆಯನ್ನಾಗಿ ಮಾಡುವುದು ಅದರ ಕಟ್ಟಳೆ. ಕಟ್ಟಳೆಯು ಸಾಧನೆಗೆ ಹೊರಗಿನಿಂದ ಬಂದು ಸೇರಿದ ಅಡ್ಡಿಯಲ್ಲ, ಅದರ ಒಡಲು. ನಡಿಗೆ ಸ್ಪರ್ಧೆಯ ಅಪರಾಧವೆಂದರೆ ಈ ಸತ್ಯವನ್ನು ಅದು ಇತರ ಆಟಗಳಂತೆ ಚೆಂಡಿನ ಹಿಂದೆಯೋ ಗೆರೆಯ ಹಿಂದೆಯೋ ಮರೆಮಾಡದೆ, ಬರಿಯ ಮೈಯಲ್ಲಿ ತಂದು ನಿಲ್ಲಿಸಿರುವುದು.

ನಮ್ಮ ನಾಡಿನ ದೇವಾಲಯಗಳಲ್ಲಿ ಹೆಜ್ಜೆನಮಸ್ಕಾರವೆಂಬ ಸೇವೆಯೊಂದು ರೂಢಿಯಲ್ಲಿದೆ. ರಾಯರ ಮಠದ ಪ್ರಾಕಾರದಲ್ಲಿ ನಿಂತು ನೋಡಿದವರಿಗೆ ಅದು ಪರಿಚಿತವಾದ ದೃಶ್ಯ. ಒದ್ದೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಹೆಂಗಸೊಬ್ಬಳು ಕೈಜೋಡಿಸಿಕೊಂಡು ಪ್ರದಕ್ಷಿಣೆ ಬರುತ್ತಾಳೆ. ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದು ಪಾದದ ಬೆರಳ ತುದಿಗೆ ತಾಗಿಸಿಯೇ ಇಡುತ್ತಾಳೆ. ಎರಡು ಹೆಜ್ಜೆಗಳ ನಡುವೆ ಕೂದಲೆಳೆಯಷ್ಟೂ ನೆಲ ತೆರವಾಗಿ ಉಳಿಯದಂತೆ ನೋಡಿಕೊಳ್ಳುತ್ತಾಳೆ. ಹಿಂದಿನಿಂದ ಬಂದ ಮಕ್ಕಳು ಓಡಿಕೊಂಡು ದಾಟಿಹೋದರೂ ಆಕೆಯ ದೃಷ್ಟಿ ಪಾದದಿಂದ ಮೇಲೇಳುವುದಿಲ್ಲ. ಆಕೆಗೆ ಬೀಸುಗಾಲಿನಿಂದ ನಡೆಯಲು ಬಾರದೆ? ಬರುತ್ತದೆ. ನಡೆದರೆ ಪ್ರದಕ್ಷಿಣೆ ಆಗದೆ? ಆಗುತ್ತದೆ. ಆದರೂ ಆಕೆ ನಡಿಗೆಯನ್ನು ಕಷ್ಟಮಾಡಿಕೊಂಡಿದ್ದಾಳೆ. ಇನ್ನು ಯುಗಾದಿಗೆ ಮುನ್ನ ಉತ್ತರಕರ್ನಾಟಕದ ಊರುಗಳಿಂದ ಶ್ರೀಶೈಲದ ಮಲ್ಲಯ್ಯನ ದರ್ಶನಕ್ಕೆ ಪಾದಯಾತ್ರೆ ಹೊರಡುವ ಭಕ್ತಸಮೂಹದಲ್ಲಿ, ನೆಲದ ಮೇಲೆ ಕಾಲಿಟ್ಟು ನಡೆಯುವುದು ಸಾಲದೆಂದು ಮರಗಾಲು ಕಟ್ಟಿಕೊಂಡು ಸಾಗುವವರೂ ಉಂಟು. ಇವರನ್ನು ಕಂಡು ಯಾರೂ ನಗುವುದಿಲ್ಲ. ದಾರಿಯ ಹಳ್ಳಿಗಳವರು ನೀರು ಮಜ್ಜಿಗೆ ಕೊಟ್ಟು ಕಾಲಿಗೆ ಎರಗುತ್ತಾರೆ. ಹೆಜ್ಜೆನಮಸ್ಕಾರದ ನಿಯಮವೂ ಪಾದ ಮತ್ತು ನೆಲದ ಸಂಬಂಧವನ್ನು ಕುರಿತದ್ದೇ. ಒಲಿಂಪಿಕ್ಸಿನ ನಿಯಮವೂ ಅದನ್ನೇ ಕುರಿತದ್ದು. ಒಂದರ ಮುಂದೆ ಕೈಮುಗಿಯುವ ನಾವು ಇನ್ನೊಂದರ ಮುಂದೆ ನಗುವುದೇಕೆ?

ಒಂದರಲ್ಲಿ ನಿಯಮವನ್ನು ಸ್ವೀಕರಿಸಲು ದೇವರಿದ್ದಾನೆ, ಇನ್ನೊಂದರಲ್ಲಿ ಯಾರೂ ಇಲ್ಲ ಎಂಬ ಉತ್ತರವು ಒಡನೆಯೇ ಹೊಳೆಯುತ್ತದೆ. ಸ್ವೀಕರಿಸುವವನಿಲ್ಲದ ವ್ರತವು ವ್ರತವೆ? ಈ ಸಂದೇಹಕ್ಕೆ ಪರಿಹಾರವನ್ನು ಜೈನಧರ್ಮದಲ್ಲಿ ನೋಡಬಹುದು. ಮುನಿಗಳಿಗೆ ವಿಹಿತವಾದ ಐದು ಸಮಿತಿಗಳಲ್ಲಿ ಮೊದಲನೆಯದು ಈರ್ಯಾಸಮಿತಿ, ಎಂದರೆ ನಡೆಯುವುದರಲ್ಲಿ ಇರಬೇಕಾದ ಎಚ್ಚರ. ಹಗಲಿನ ಬೆಳಕಿನಲ್ಲಿ, ಜನರು ತುಳಿದು ಸವೆದ ಹಾದಿಯಲ್ಲಿ, ನೊಗದುದ್ದ, ಎಂದರೆ ಸುಮಾರು ನಾಲ್ಕು ಮೊಳದಷ್ಟು ಮುಂದಿನ ನೆಲವನ್ನು ನೋಡಿಕೊಳ್ಳುತ್ತ, ಹುಳುಹುಪ್ಪಟೆಗಳಿಗೆ ನೋವಾಗದಂತೆ ಪಾದವನ್ನಿಡಬೇಕು. ಅವಸರವಾಗಿ ಹೋಗಬಾರದು, ಮಾತಾಡುತ್ತ ಹೋಗಬಾರದು. ಶ್ರವಣಬೆಳಗೊಳಕ್ಕೆ ವಿಹಾರ ಬರುವ ದಿಗಂಬರ ಮುನಿಗಳನ್ನು ದಾರಿಯಲ್ಲಿ ಕಂಡವರಿಗೆ, ವಾಹನಗಳು ಪಕ್ಕದಲ್ಲಿ ಹಾದುಹೋಗುತ್ತಿರುವಾಗಲೂ ತಮ್ಮ ಕಣ್ಣನ್ನು ನೆಲದಿಂದ ಕೀಳದ ಆ ನಡಿಗೆಯು ಎಂಥದೆಂಬುದು ಗೊತ್ತಿದ್ದೀತು. ಈ ನಿಯಮವನ್ನು ಸ್ವೀಕರಿಸಿ ಪ್ರಸನ್ನನಾಗಿ ವರ ಕೊಡುವ ದೇವರು ಜೈನರ ದರ್ಶನದಲ್ಲಿ ಇಲ್ಲ. ತೀರ್ಥಂಕರನು ಮಾರ್ಗವನ್ನು ತೋರಿಸಿ ಮುಕ್ತನಾದವನು. ಭಕ್ತನ ಹೆಜ್ಜೆಗಳನ್ನು ಎಣಿಸುತ್ತ ಕುಳಿತವನಲ್ಲ. ಆದರೂ ಆ ನಡಿಗೆ ಪವಿತ್ರವೆಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಆದ್ದರಿಂದ, ನಿಯಮದ ಬೆಲೆಗೆ ಅದನ್ನು ಸ್ವೀಕರಿಸುವವನೊಬ್ಬನು ಅವಶ್ಯವಲ್ಲವೆಂಬುದು ನಮ್ಮ ನಾಡು ಸಾವಿರಾರು ವರ್ಷಗಳಿಂದ ಬಲ್ಲ ಸಂಗತಿಯೇ ಆಗಿದೆ.

ಇದಕ್ಕೆ ಪ್ರತಿಯಾಗಿ, ಮುನಿಯು ಪದಕಕ್ಕಾಗಿ ನಡೆಯುವುದಿಲ್ಲವೆಂದು ಹೇಳಬಹುದು. ನಿಜ, ಅಷ್ಟರ ಮಟ್ಟಿಗೆ ಕ್ರೀಡಾಪಟುವನ್ನು ಮುನಿಯೊಡನೆ ಸಮನಾಗಿ ಕೂರಿಸಲು ನಾನೂ ಒಪ್ಪುವುದಿಲ್ಲ. ಆದರೆ ಹೆಜ್ಜೆನಮಸ್ಕಾರದ ತಾಯಿಯ ಮನಸ್ಸಿನಲ್ಲಿಯೂ ಮಗುವಿನ ಕಾಯಿಲೆಯೋ ಮಗಳ ಮದುವೆಯೋ ಇದ್ದೀತು. ಹರಕೆಗಳಲ್ಲಿ ಬಹುಭಾಗ ಕಾಮ್ಯವೇ. ಫಲದ ಆಸೆಯಿದೆಯೆಂದ ಮಾತ್ರಕ್ಕೆ ನಿಯಮದ ಶುದ್ಧಿ ಕೆಡುವುದಾದರೆ ನಮ್ಮ ದೇವಸ್ಥಾನಗಳ ಪ್ರಾಕಾರಗಳು ಬರಿದಾದಾವು. ಕೇಳಬೇಕಾದ ಪ್ರಶ್ನೆ ಬೇರೆಯದು: ಫಲವು ಕೈಗೆಟುಕುವಷ್ಟು ಹತ್ತಿರವಾಗಿ, ನಿಯಮವನ್ನು ತುಸು ಸಡಿಲಿಸಿದರೆ ಅದು ಸಿಕ್ಕುವುದೆಂಬ ಸಂದರ್ಭ ಬಂದಾಗ, ಮನುಷ್ಯನು ನಿಯಮದೊಡನೆ ಹೇಗೆ ವರ್ತಿಸುತ್ತಾನೆ? ಈ ಪ್ರಶ್ನೆಯನ್ನು ನಡಿಗೆ ಸ್ಪರ್ಧೆಯಷ್ಟು ನಿರ್ದಾಕ್ಷಿಣ್ಯವಾಗಿ ಕೇಳುವ ಆಟ ಇನ್ನೊಂದನ್ನು ನಾನರಿಯೆ. ಏಕೆಂದರೆ ಅಲ್ಲಿ ಪ್ರತಿಯೊಂದು ಹೆಜ್ಜೆಯೂ ನಿಯಮಭಂಗಕ್ಕೆ ಒಂದು ಅವಕಾಶ.

ಇಲ್ಲಿಗೆ ನಾವು ಈ ಆಟದ ಅತ್ಯಂತ ತೊಡಕಿನ ಸ್ಥಳಕ್ಕೆ ಬಂದೆವು. ಅತಿವೇಗದ ಕ್ಯಾಮೆರಾಗಳಿಂದ ಚಿತ್ರ ತೆಗೆದು ನೋಡಿದರೆ, ಅಗ್ರಶ್ರೇಣಿಯ ನಡಿಗೆಗಾರರಲ್ಲಿ ಬಹುಮಂದಿಯ ಎರಡೂ ಪಾದಗಳು ಹೆಜ್ಜೆಹೆಜ್ಜೆಗೂ ಸೆಕೆಂಡಿನ ನೂರರಲ್ಲಿ ಕೆಲವು ಭಾಗಗಳಷ್ಟು ಕಾಲ ನೆಲವನ್ನು ಬಿಟ್ಟಿರುವುದು ಕಂಡುಬರುತ್ತದೆ. ಕಣ್ಣೆವೆಯೊಂದು ಮಿಟುಕುವುದಕ್ಕೆ ಅದಕ್ಕಿಂತ ಹೆಚ್ಚು ಕಾಲ ಬೇಕು. ಹಾಗಾದರೆ ಇವರೆಲ್ಲರೂ ವಂಚಕರೆಂದು ನಗುವವನಿಗೆ ಹೊಸದೊಂದು ಆಯುಧ ದೊರೆಯುತ್ತದೆ. ಆದರೆ ನಿಯಮದ ಮಾತನ್ನು ಮತ್ತೊಮ್ಮೆ ನೋಡಬೇಕು. ಪಾದಗಳು ನೆಲ ಬಿಡಬಾರದೆಂದು ಅದು ಹೇಳುವುದಿಲ್ಲ. ಬಿಟ್ಟದ್ದು ಮನುಷ್ಯನ ಕಣ್ಣಿಗೆ ಕಾಣಬಾರದೆಂದು ಹೇಳುತ್ತದೆ. ತೀರ್ಪುಗಾರರು ರಸ್ತೆಯ ಬದಿಯಲ್ಲಿ ಅಲ್ಲಲ್ಲಿ ನಿಂತು ಬರಿಗಣ್ಣಿನಿಂದಲೇ ನೋಡುತ್ತಾರೆ. ಕ್ಯಾಮೆರಾದ ಸಾಕ್ಷ್ಯವನ್ನು ಅವರು ಕೇಳುವಂತಿಲ್ಲ. ಅನುಮಾನ ಬಂದರೆ ಹಿಡಿಯುಳ್ಳ ಹಳದಿ ಫಲಕವೊಂದನ್ನು ತೋರಿಸಿ ಎಚ್ಚರಿಸುತ್ತಾರೆ. ಆ ಫಲಕದ ಮೇಲೆ, ಪಾದ ನೆಲ ಬಿಡುವ ತಪ್ಪಿಗೆ ಅಲೆಯಂಥ ಗೆರೆಯೂ, ಮಂಡಿ ಬಾಗುವ ತಪ್ಪಿಗೆ ಮಡಿಸಿದ ಕಾಲಿನಂಥ ಕೋನವೂ ಬರೆದಿರುತ್ತವೆ. ತಪ್ಪು ನಿಶ್ಚಯವೆನಿಸಿದರೆ ಕೆಂಪು ಕಾರ್ಡನ್ನು ಬರೆದು ಕಳುಹಿಸುತ್ತಾರೆ. ಒಬ್ಬರ ಅಭಿಪ್ರಾಯವನ್ನು ಇನ್ನೊಬ್ಬರು ಕೇಳದೆ ಸ್ವತಂತ್ರವಾಗಿ ನಿರ್ಣಯಿಸಬೇಕು. ಮೂವರು ಬೇರೆಬೇರೆ ತೀರ್ಪುಗಾರರ ಕೆಂಪು ಕಾರ್ಡುಗಳು ಸೇರಿದಾಗ ಪ್ರಧಾನ ತೀರ್ಪುಗಾರನು ಕೆಂಪು ಫಲಕವನ್ನು ಹಿಡಿದು ಸ್ಪರ್ಧಿಯ ಮುಂದೆ ಬರುತ್ತಾನೆ. ಈಚೆಗೆ ಮೂರನೆಯ ಕಾರ್ಡಿಗೆ, 20 ಕಿಲೋಮೀಟರಿನ ಸ್ಪರ್ಧೆಯಾದರೆ, ಎರಡು ನಿಮಿಷ ಪಕ್ಕದಲ್ಲಿ ಕಳೆಯಬೇಕಾದ ದಂಡವನ್ನು ವಿಧಿಸಿ, ನಾಲ್ಕನೆಯದಕ್ಕೆ ಅನರ್ಹಗೊಳಿಸುವ ಏರ್ಪಾಟೂ ಬಂದಿದೆ. ಮನುಸ್ಮೃತಿಯ ವ್ಯವಹಾರಪ್ರಕರಣದಲ್ಲಿ, ಪ್ರತಿವಾದಿಯು ಆರೋಪವನ್ನು ಅಲ್ಲಗಳೆದಲ್ಲಿ ಕಡೆಯ ಪಕ್ಷ ಮೂವರು ಸಾಕ್ಷಿಗಳಿಂದಲಾದರೂ ವಿಷಯ ಸಿದ್ಧವಾಗಬೇಕೆಂದು ಹೇಳಿರುವುದು ಇಲ್ಲಿ ನೆನಪಿಗೆ ಬರುತ್ತದೆ. ಒಂದು ಜೋಡಿ ಕಣ್ಣನ್ನು ನಂಬಲಾಗದು, ಹಾಗೆಂದು ಕಣ್ಣನ್ನು ಬಿಟ್ಟರೆ ಮನುಷ್ಯನಿಗೆ ಬೇರೆ ಗತಿಯೂ ಇಲ್ಲ ಎಂಬ ವಿವೇಕವು ಎರಡು ಕಡೆಯಲ್ಲಿಯೂ ಒಂದೇ.

ಈ ವಿವೇಕವು ಎಷ್ಟು ಕ್ರೂರವಾಗಬಲ್ಲದೆಂಬುದನ್ನು 2000ದ ಸೆಪ್ಟೆಂಬರಿನಲ್ಲಿ ಸಿಡ್ನಿಯ ಒಲಿಂಪಿಕ್ಸ್ ತೋರಿಸಿತು. ಪುರುಷರ 20 ಕಿಲೋಮೀಟರಿನಲ್ಲಿ ಮೆಕ್ಸಿಕೋದ ಬರ್ನಾರ್ಡೊ ಸೆಗೂರ ಮೊದಲಿಗರಾಗಿ ಗುರಿಯನ್ನು ದಾಟಿ, ಸಂಭ್ರಮಿಸಿ, ತಮ್ಮ ದೇಶದ ಅಧ್ಯಕ್ಷರ ಅಭಿನಂದನೆಯನ್ನು ದೂರವಾಣಿಯಲ್ಲಿ ಸ್ವೀಕರಿಸುತ್ತಿರುವಾಗಲೇ, ಅವರು ಅನರ್ಹರಾದರೆಂಬ ಸುದ್ದಿ ಬಂದಿತು. ಚಿನ್ನವು ಪೋಲೆಂಡಿನ ರಾಬರ್ಟ್ ಕೊರ್ಜೆನಿಯೊವ್‌ಸ್ಕಿಯವರಿಗೆ ಹೋಯಿತು. ಕೆಲವು ದಿನಗಳ ಮೇಲೆ ಮಹಿಳೆಯರ 20 ಕಿಲೋಮೀಟರು. ಮುಂದಿದ್ದ ಚೀನದ ಲಿಯು ಹೊಂಗ್ಯು ಅನರ್ಹರಾದರು. ಅವರ ಬಳಿಕ ಮುಂದಾದ ಇಟಲಿಯ ಎಲಿಜಬೆತ್ತಾ ಪೆರೋನೆಯವರೂ ಅನರ್ಹರಾದರು. ಆಗ ಮುಂದಾದವರು ಅದೇ ಸಿಡ್ನಿಯವರಾದ ಜೇನ್ ಸ್ಯಾವಿಲ್. ತವರೂರಿನ ಕ್ರೀಡಾಂಗಣವು ಕಿಕ್ಕಿರಿದು ಕಾಯುತ್ತಿತ್ತು. ರಸ್ತೆಯಿಂದ ಕ್ರೀಡಾಂಗಣಕ್ಕೆ ಪ್ರವೇಶಿಸುವ ಸುರಂಗದಾರಿಯವರೆಗೆ ಅವರು ಬಂದಿದ್ದರು. ಗುರಿ ಇನ್ನು ಕೆಲವೇ ನೂರು ಹೆಜ್ಜೆಗಳ ದೂರದಲ್ಲಿತ್ತು. ಅಲ್ಲಿ ಪ್ರಧಾನ ತೀರ್ಪುಗಾರನು ಎದುರು ಬಂದು ಕೆಂಪು ಫಲಕವನ್ನು ಎತ್ತಿ ಹಿಡಿದನು. ಅವರು ಕೈಗಳನ್ನು ತಲೆಗೆ ಒಯ್ದುಕೊಂಡು ಅಳುತ್ತ ನಿಂತರು. ಒಂದಾದಮೇಲೊಂದಾಗಿ ಮೂವರು ಮುಂದಾಳುಗಳು ಹೀಗೆ ಬಿದ್ದುಹೋದ ಆ ಸ್ಪರ್ಧೆಯನ್ನು ಕೊನೆಗೆ ಗೆದ್ದವರು ಚೀನದ ವಾಂಗ್ ಲಿಪಿಂಗ್.

ಇಂಥ ಸಂದರ್ಭದಲ್ಲಿ ಧಾರ್ಮಿಕ ಮನಸ್ಸು ಕೂಡಲೇ ಹಿಡಿಯುವ ಆಸರೆಯೆಂದರೆ ಅಂತಃಸಾಕ್ಷಿ. ಹೊರಗಿನವರು ಏನನ್ನಾದರೂ ಹೇಳಲಿ, ತಪ್ಪಿದೆನೋ ಇಲ್ಲವೋ ಎಂಬುದನ್ನು ಒಳಗಿರುವ ಸಾಕ್ಷಿ ಬಲ್ಲದು. ಮುಂಡಕೋಪನಿಷತ್ತು ಹೇಳುವ ಎರಡು ಹಕ್ಕಿಗಳಲ್ಲಿ ಒಂದು ಹಣ್ಣನ್ನು ತಿನ್ನುತ್ತಿರುವಾಗ ತಿನ್ನದೆ ನೋಡುತ್ತಿರುವ ಇನ್ನೊಂದಕ್ಕೆ ಯಾವುದೂ ಮರೆಯಲ್ಲ. ಈ ಸಮಾಧಾನವು ಸುಳ್ಳು ಹೇಳಿದವನಿಗೂ ಲಂಚ ತಿಂದವನಿಗೂ ಸರಿಯಾಗಿ ಹೊಂದುತ್ತದೆ. ನಡಿಗೆ ಸ್ಪರ್ಧಿಗೆ ಹೊಂದುವುದಿಲ್ಲ. ಏಕೆಂದರೆ, ನಿಮಿಷಕ್ಕೆ ಇನ್ನೂರರ ಆಸುಪಾಸಿನಲ್ಲಿ ಹೆಜ್ಜೆಗಳು ಬೀಳುತ್ತಿರುವಾಗ, ಒಂದು ಪಾದ ಏಳುವುದಕ್ಕೂ ಇನ್ನೊಂದು ಪಾದ ಊರುವುದಕ್ಕೂ ನಡುವೆ ಸೆಕೆಂಡಿನ ನೂರನೆಯ ಒಂದೆರಡು ಭಾಗದಷ್ಟು ತೆರವು ಹೆಚ್ಚಿತೋ ಎಂಬುದು, ದಣಿದು ಬೆಂದ ಆ ದೇಹದೊಳಗಿರುವವನಿಗೇ ತಿಳಿಯುವಂತಿಲ್ಲ. ಹೊರಗಿನ ಕಣ್ಣಿಗೆ ಕಾಣುವಂತೆ ತಪ್ಪಿದ ಮೇಲೆಯೂ ಒಳಗಿನ ಮನಸ್ಸು ತಪ್ಪಿಲ್ಲವೆಂದೇ ನಂಬಿರಬಹುದು, ಪ್ರಾಮಾಣಿಕವಾಗಿಯೇ ನಂಬಿರಬಹುದು. ಇಲ್ಲಿ ನಿಯಮವನ್ನು ಮುರಿದದ್ದು ಸಂಕಲ್ಪವಲ್ಲ, ಸ್ನಾಯು. ಸಂಕಲ್ಪವಿಲ್ಲದ ಅತಿಕ್ರಮಣಕ್ಕೆ ದೋಷವುಂಟೆ?

ಇದು ನಮ್ಮ ದಾರ್ಶನಿಕರಿಗೆ ಹೊಸ ಪ್ರಶ್ನೆಯಲ್ಲ. ಕರ್ಮವೆಂದರೆ ಚೇತನೆಯೇ, ಸಂಕಲ್ಪವೇ ಎಂಬ ಕಡೆಗೆ ಬೌದ್ಧರು ಒತ್ತು ಕೊಟ್ಟರು. ಕ್ರಿಯೆಯನ್ನು ಅಷ್ಟು ಸುಲಭವಾಗಿ ಬಿಡಿಸಿಹಾಕಲಾಗದೆಂದು ಜೈನರು ಅವರನ್ನು ಆಕ್ಷೇಪಿಸಿದರು. ಆದರೆ ಜೈನರ ನಿಲುವು ಬರಿಯ ಕ್ರಿಯೆಯಲ್ಲಿ ನಿಲ್ಲಲಿಲ್ಲ. ಪ್ರಮಾದದಿಂದ ಕೂಡಿದ ಪ್ರಾಣಹಾನಿಯೇ ಹಿಂಸೆಯೆಂದು ಉಮಾಸ್ವಾತಿಗಳ ತತ್ತ್ವಾರ್ಥಸೂತ್ರವು ನಿರೂಪಿಸಿತು. ಕನ್ನಡನಾಡಿನ ಸಂಪ್ರದಾಯವು ತನ್ನವರೆಂದು ನೆನೆಯುವ ಪೂಜ್ಯಪಾದರು ಅದಕ್ಕೆ ಬರೆದ ಸರ್ವಾರ್ಥಸಿದ್ಧಿಯಲ್ಲಿ, ಈರ್ಯಾಸಮಿತಿಯಿಂದ ನಡೆಯುತ್ತಿರುವ ಸಾಧುವಿನ ಪಾದದಡಿಗೆ ಕಿರುಜೀವಿಯೊಂದು ಬಂದು ಬಿದ್ದು ಸತ್ತರೂ ಆ ನಿಮಿತ್ತವಾಗಿ ಅವನಿಗೆ ಬಂಧವಿಲ್ಲವೆಂಬ ಪ್ರಾಚೀನರ ಅಭಿಪ್ರಾಯವನ್ನು ಎತ್ತಿಕೊಂಡು ಸ್ಪಷ್ಟಪಡಿಸಿದರು. ಎಚ್ಚರ ತಪ್ಪಿ ನಡೆದವನಿಗಾದರೋ, ಜೀವಿ ಸತ್ತರೂ ಸಾಯದಿದ್ದರೂ, ದೋಷವು ತಪ್ಪಿದ್ದಲ್ಲ. ನಡಿಗೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಮಾಡಿದ ಈ ವಿಚಾರವು ನಮ್ಮ ಪ್ರಶ್ನೆಗೆ ನೇರವಾಗಿ ಒದಗುತ್ತದೆ. ಪಾದದಡಿಯಲ್ಲಿ ಏನಾಯಿತೆಂಬುದು ಒಂದು ಸಂಗತಿ, ಪಾದವನ್ನಿಟ್ಟವನ ಎಚ್ಚರ ಎಷ್ಟಿತ್ತೆಂಬುದು ಇನ್ನೊಂದು ಸಂಗತಿ. ಮೊದಲನೆಯದನ್ನು ಹೊರಗಿನವನು ನೋಡಬಹುದು. ಎರಡನೆಯದನ್ನು ನೋಡಲು ಯಾವ ತೀರ್ಪುಗಾರನಿಗೂ ಕಣ್ಣಿಲ್ಲ, ಮತ್ತು ನೋಡಿದೆನೆಂದು ಹೇಳುವ ಅಧಿಕಾರವೂ ಇಲ್ಲ.

ಹೀಗೆ ನೋಡಿದರೆ ಕೆಂಪು ಫಲಕದ ಅರ್ಥವೇ ಬೇರೆಯಾಗುತ್ತದೆ. ಅದು ಸ್ಪರ್ಧಿಗೆ ಹೇಳುವುದು, ನೀನು ವಂಚಿಸಿದೆಯೆಂದಲ್ಲ. ನಿನ್ನ ನಡಿಗೆ ನಡಿಗೆಯಾಗಿ ನಮಗೆ ಕಾಣಲಿಲ್ಲವೆಂದು ಮಾತ್ರ. ಅನರ್ಹತೆ ಬೇರೆ, ಪಾಪ ಬೇರೆ. ಲೋಕದಲ್ಲಿ ನಾವು ಇವೆರಡನ್ನೂ ಎಷ್ಟು ಸಲೀಸಾಗಿ ಬೆರೆಸಿಬಿಡುತ್ತೇವೆ! ಪರೀಕ್ಷೆಯಲ್ಲಿ ನಪಾಸಾದವನನ್ನು ಸೋಮಾರಿಯೆನ್ನುತ್ತೇವೆ, ವ್ಯಾಪಾರದಲ್ಲಿ ಮುಳುಗಿದವನನ್ನು ಅಪ್ರಾಮಾಣಿಕನೆನ್ನುತ್ತೇವೆ, ಮಡಿ ಕೆಟ್ಟವನನ್ನು ಮನಸ್ಸು ಕೆಟ್ಟವನೆನ್ನುತ್ತೇವೆ. ಹೊರಗೆ ಕಂಡ ಲೋಪದಿಂದ ಒಳಗಿನ ಲೋಪಕ್ಕೆ ಒಂದೇ ನೆಗೆತದಲ್ಲಿ ಹಾರುವ ಈ ಅಭ್ಯಾಸವು ಧರ್ಮದ ಹೆಸರಿನಲ್ಲಿ ನಡೆದ ಕ್ರೌರ್ಯಗಳಲ್ಲಿ ಅನೇಕಕ್ಕೆ ಬೀಜವಾದುದು. ನಡಿಗೆ ಸ್ಪರ್ಧೆಯ ಶಾಸನವಾದರೋ ತನ್ನ ಅಧಿಕಾರದ ಗಡಿಯನ್ನು ತನ್ನ ಮೊದಲ ವಾಕ್ಯದಲ್ಲಿಯೇ ಬರೆದಿಟ್ಟಿದೆ: ನನಗೆ ಮನುಷ್ಯನ ಕಣ್ಣಷ್ಟೇ ಉಂಟು. ತನ್ನ ಕುರುಡುತನವನ್ನು ಹೀಗೆ ವಿಧಿಯೊಳಗೇ ಒಪ್ಪಿಕೊಂಡ ಶಾಸನಗಳು ಲೋಕದಲ್ಲಿ ಹೆಚ್ಚಾಗಿಲ್ಲ.

ಈ ಕುರುಡುತನವನ್ನು ಯಂತ್ರದಿಂದ ನೀಗಬಾರದೇಕೆ ಎಂಬ ಮಾತೂ ಈಚೆಗೆ ಕೇಳಿಬರುತ್ತಿದೆ. ಪಾದರಕ್ಷೆಯೊಳಗೆ ಸಂವೇದಕವನ್ನು ಇರಿಸಿದರೆ ನೆಲ ಬಿಟ್ಟ ಕಾಲವನ್ನು ಅದು ತಪ್ಪದೆ ಲೆಕ್ಕ ಹಾಕೀತು. ಅಥರ್ವವೇದದ ವರುಣನು ಮನುಷ್ಯರ ಕಣ್ಣೆವೆಯ ಮಿಟುಕುಗಳನ್ನು ಕೂಡ ಎಣಿಸಿಟ್ಟಿರುವವನು, ಇಬ್ಬರು ಕುಳಿತು ಗುಟ್ಟಾಡಿದರೆ ಮೂರನೆಯವನಾಗಿ ಅಲ್ಲಿ ಇರುವವನು. ಆ ದೇವನ ಕಣ್ಣನ್ನು ತಂದು ಶೂವಿನೊಳಗೆ ಹೊಲಿದುಬಿಡೋಣವೆಂಬ ಈ ಆಸೆಯನ್ನು ನಾನು ಹೀಗಳೆಯುವುದಿಲ್ಲ. ಅಳೆಯುವ ಸಾಧನ ದೊರೆತ ಮೇಲೆ ಅಳೆಯದಿರುವುದು ಬಹುಕಾಲ ನಡೆಯದು. ಆದರೆ ಸಾಧನದ ಹಿಂದೆಯೇ, ಎಷ್ಟು ಕಾಲದ ತೆರವನ್ನು ಕ್ಷಮಿಸಬೇಕು, ಎಷ್ಟನ್ನು ಕ್ಷಮಿಸಬಾರದು ಎಂಬ ಗೆರೆಯನ್ನು ಮನುಷ್ಯನೇ ಎಳೆಯಬೇಕಾಗುತ್ತದೆ. ಯಂತ್ರವು ಕಾಲವನ್ನು ಅಳೆದೀತು; ಯಾವುದು ನಡಿಗೆ, ಯಾವುದು ಓಟವೆಂಬುದನ್ನು ಅದು ನಿರ್ಣಯಿಸಲಾರದು. ಇನ್ನು ಎಚ್ಚರವನ್ನು ಅಳೆಯುವ ಮಾತಂತೂ ದೂರವೇ ಉಳಿಯಿತು.

ನಿಯಮದ ಬೆಲೆ ಎಲ್ಲಿಂದ ಬರುತ್ತದೆಂಬ ಮೊದಲಿನ ಪ್ರಶ್ನೆಗೆ ಉತ್ತರವನ್ನು, ಗೆದ್ದವರಿಗಿಂತ ಹೆಚ್ಚಾಗಿ, ಬಿದ್ದು ಮತ್ತೆ ಬಂದವರಲ್ಲಿ ಹುಡುಕಬೇಕೆಂದು ನನಗೆ ತೋರುತ್ತದೆ. ಸಿಡ್ನಿಯಲ್ಲಿ ಇತರರ ಅನರ್ಹತೆಯಿಂದ ಚಿನ್ನ ಪಡೆದ ಕೊರ್ಜೆನಿಯೊವ್‌ಸ್ಕಿಯವರು, ಅದಕ್ಕೆ ಎಂಟು ವರ್ಷ ಮೊದಲು, 1992ರ ಬಾರ್ಸಿಲೋನಾದ 50 ಕಿಲೋಮೀಟರಿನಲ್ಲಿ, ಎರಡನೆಯ ಸ್ಥಾನದಲ್ಲಿದ್ದುಕೊಂಡು ಕ್ರೀಡಾಂಗಣದ ಬಾಗಿಲಿನ ಬಳಿ ತಾವೇ ಕೆಂಪು ಫಲಕವನ್ನು ಕಂಡವರು. ಆಮೇಲೆ ಅವರು 1996, 2000 ಮತ್ತು 2004ರಲ್ಲಿ ಅದೇ 50 ಕಿಲೋಮೀಟರನ್ನು ಗೆದ್ದರು. ಸುರಂಗದಾರಿಯಲ್ಲಿ ಅತ್ತ ಜೇನ್ ಸ್ಯಾವಿಲ್ 2004ರಲ್ಲಿ ಆಥೆನ್ಸಿಗೆ ಬಂದು, ಅದೇ ವಿಧಿಗಳಡಿಯಲ್ಲಿ, ಅಂಥದೇ ತೀರ್ಪುಗಾರರ ಕಣ್ಣೆದುರಿನಲ್ಲಿ ನಡೆದು ಕಂಚಿನ ಪದಕವನ್ನು ಪಡೆದರು. ತಮ್ಮನ್ನು ಅಷ್ಟು ನಿಷ್ಠುರವಾಗಿ ಹೊರಗಟ್ಟಿದ ನಿಯಮವನ್ನು ಬಿಟ್ಟು, ಓಡಲು ಯಾರ ಅಡ್ಡಿಯೂ ಇಲ್ಲದ ಬೇರೆ ಸ್ಪರ್ಧೆಗೆ ಅವರು ಹೋಗಬಹುದಾಗಿತ್ತು, ಹೋಗಲಿಲ್ಲ.

ಇನ್ನೊಬ್ಬರ ವೃತ್ತಾಂತವನ್ನೂ ಇಲ್ಲಿ ಸೇರಿಸಬೇಕು. ಎಕ್ವಡಾರಿನ ಜೆಫರ್ಸನ್ ಪೆರೆಸ್ 1996ರಲ್ಲಿ ಅಟ್ಲಾಂಟಾದ 20 ಕಿಲೋಮೀಟರು ನಡಿಗೆಯಲ್ಲಿ ಗೆದ್ದ ಚಿನ್ನವು ಆ ದೇಶಕ್ಕೆ ದೊರೆತ ಮೊತ್ತಮೊದಲ ಒಲಿಂಪಿಕ್ ಪದಕ. ಗೆದ್ದು ಬಂದ ಮೇಲೆ ಅವರು ರಾಜಧಾನಿಯಾದ ಕೀಟೊದಿಂದ ತಮ್ಮ ಊರಾದ ಕ್ವೆಂಕಾಕ್ಕೆ, ಬೆಟ್ಟಸೀಮೆಯ ನಾನೂರೈವತ್ತು ಕಿಲೋಮೀಟರಿಗೂ ಮಿಕ್ಕ ಹಾದಿಯನ್ನು ತೀರ್ಥಯಾತ್ರೆಯಾಗಿ ಕಾಲಲ್ಲೇ ಕ್ರಮಿಸಿದರು. ಆ ಯಾತ್ರೆಯಲ್ಲಿ ಅವರು ಕೆಲವೊಮ್ಮೆ ನಡೆದರು, ಕೆಲವೊಮ್ಮೆ ಓಡಿದರು. ದೇವರ ಕಡೆಗೆ ಹೋಗುವಾಗ ಓಡಲು ಅವರಿಗೆ ಯಾವ ಸಂಕೋಚವೂ ಇರಲಿಲ್ಲ. ಸಹಸ್ಪರ್ಧಿಗಳ ನಡುವೆ ಇರುವಾಗ ಮಾತ್ರ ಓಡದಿರುವ ಕಟ್ಟಳೆಗೆ ಅವರು ಒಳಪಟ್ಟಿದ್ದರು. ವ್ರತವು ದೇವರಿಗೆ ಸಲ್ಲಬೇಕಾದುದೆಂಬ ನಮ್ಮ ಎಣಿಕೆಯನ್ನು ಈ ಪ್ರಸಂಗವು ಸ್ವಲ್ಪ ತಿದ್ದುತ್ತದೆ. ನಿಯಮಗಳಲ್ಲಿ ಕೆಲವನ್ನು ನಾವು ದೇವರಿಗಾಗಿ ಅಲ್ಲ, ಪಕ್ಕದಲ್ಲಿ ನಡೆಯುತ್ತಿರುವ ಮನುಷ್ಯನಿಗಾಗಿ ಪಾಲಿಸುತ್ತೇವೆ. ಅವನೂ ಓಡಬಲ್ಲವನೇ; ನಾನು ಓಡೆನೆಂಬ ಭರವಸೆಯಿಂದಲೇ ಅವನು ಓಡದಿದ್ದಾನೆ. ಸಮಾಜದಲ್ಲಿ ಸತ್ಯವೂ ಋಣವೂ ಕೊಟ್ಟ ಮಾತೂ ನಿಂತಿರುವುದು ಈ ಪರಸ್ಪರ ಭರವಸೆಯ ಮೇಲೆಯೇ ಅಲ್ಲವೆ?

ಈ ಆಟದ ಭವಿಷ್ಯವು ಭದ್ರವಾಗಿದೆಯೆಂದು ಹೇಳಲಾಗದು. 1932ರಿಂದ ಬಹುಮಟ್ಟಿಗೆ ನಡೆದುಬಂದಿದ್ದ 50 ಕಿಲೋಮೀಟರಿನ ನಡಿಗೆಯು, 2021ರಲ್ಲಿ ಟೋಕಿಯೊ ಒಲಿಂಪಿಕ್ಸಿನ ಅಂಗವಾಗಿ ಸಪ್ಪೊರೊದಲ್ಲಿ ಜರುಗಿದುದೇ ಕೊನೆಯದಾಯಿತು. ನಮ್ಮ ದೇಶದಲ್ಲಿಯಂತೂ, 1982ರ ದೆಹಲಿ ಏಷ್ಯನ್ ಕ್ರೀಡೆಗಳಲ್ಲಿ ಚಾಂದ್ ರಾಮ್ ಚಿನ್ನ ಗೆದ್ದರೆಂಬುದಾಗಲಿ, 2012ರಲ್ಲಿ ಲಂಡನ್ನಿನಲ್ಲಿ ಕೇರಳದ ಕೆ.ಟಿ. ಇರ್ಫಾನ್ ಹತ್ತನೆಯವರಾಗಿ ಬಂದರೆಂಬುದಾಗಲಿ ಬಹುಮಂದಿಗೆ ನೆನಪಿಲ್ಲ; ದೇಶದ ಅಗ್ರಗಣ್ಯ ನಡಿಗೆಗಾರರಲ್ಲಿ ಅನೇಕರು ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ಅಭ್ಯಾಸ ಮಾಡಿದವರೆಂಬುದು ಬೆಂಗಳೂರಿನವರಿಗೇ ತಿಳಿಯದು. ಅವರನ್ನು ರಸ್ತೆಯಲ್ಲಿ ಕಂಡವರು ನಕ್ಕರೆ ಅದರಿಂದ ಅವರಿಗೆ ನಷ್ಟವೇನೂ ಇಲ್ಲ. ನಷ್ಟವಾಗುವುದು ನಗುವವನಿಗೆ: ಕೈಯಲ್ಲಿದ್ದ ಶಕ್ತಿಯನ್ನು ಬಳಸದೆ ಬಿಡುವುದೂ ಒಂದು ಶಕ್ತಿಯೆಂಬುದನ್ನು, ಪ್ರವಚನದ ಪೀಠದಿಂದಲ್ಲದೆ ಹಾದಿಯ ಮೇಲೆ, ಕಣ್ಣಾರೆ ನೋಡುವ ಅವಕಾಶವನ್ನು ಅವನು ಕಳೆದುಕೊಳ್ಳುತ್ತಾನೆ. ನಿಯಮವು ಪೂಜ್ಯವಾಗುವುದು ಅದನ್ನು ಕೊಟ್ಟವನ ದೊಡ್ಡತನದಿಂದಲ್ಲ, ಅದರ ಫಲದಿಂದಲೂ ಅಲ್ಲ. ಅದರಿಂದ ಪೆಟ್ಟು ತಿಂದವನು ಮಾರನೆಯ ಬೆಳಗ್ಗೆ ಎದ್ದು, ಅದನ್ನು ಶಪಿಸದೆ, ತನ್ನ ಎಚ್ಚರವನ್ನು ಇನ್ನಷ್ಟು ಹರಿತಮಾಡಿಕೊಂಡು ಮತ್ತೆ ಅದಕ್ಕೆ ಒಳಪಡುವುದರಿಂದ. ಅಂಥವನಿಗೆ ಕೈಮುಗಿಯುವಷ್ಟು ಭಕ್ತಿ ನಮ್ಮಲ್ಲಿ ಇಲ್ಲದೆ ಹೋದರೂ, ಅವನು ದಾಟಿಹೋಗುವವರೆಗೆ ನಗೆಯನ್ನು ತಡೆದುಕೊಳ್ಳುವಷ್ಟು ಸಂಯಮವನ್ನಾದರೂ ಅವನಿಂದಲೇ ಕಲಿತುಕೊಳ್ಳಬಹುದು.